ತಾಲೀಮಿನ ಸೋನಾರ್‌ಗೆ ಗಡಿ ಹಾಕಿ: ನೌಕಾಪಡೆಯ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನೌಕಾಪಡೆಯ ಮುಖ್ಯಸ್ಥರು,
ಭಾರತೀಯ ನೌಕಾಪಡೆ, ನವದೆಹಲಿ

ಪ್ರತಿ: ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ, ಕರ್ನಾಟಕ ಅರಣ್ಯ ಇಲಾಖೆ

ಮಾನ್ಯರೇ,

ಎರಡು ವಿಷಯ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಶಾಂತಿಕಾಲದ ತಾಲೀಮಿನಲ್ಲಿ ಆ್ಯಕ್ಟಿವ್ ಸೋನಾರ್, ಅಂದರೆ ಸಬ್‌ಮರೀನ್ ಹುಡುಕಲು ನೀರಿಗೆ ಜೋರು ಸದ್ದು ಬಿಡುವ ಯಂತ್ರ, ಬಳಸಬಾರದ ಜಾಗಗಳನ್ನು ಗುರುತಿಸಿ, ಆ ನಿಯಮವನ್ನು ಜನರ ಮುಂದಿಡಿ. ಇದು ಮೊದಲನೆಯದು. ತಿಮಿಂಗಿಲವೋ ಡಾಲ್ಫಿನ್ನೋ ಸತ್ತು ದಡಕ್ಕೆ ಬಂದಾಗ, ಹಿಂದಿನ ಕೆಲವು ದಿನಗಳಲ್ಲಿ ಆ ಭಾಗದ ಕಡಲಲ್ಲಿ ಸೋನಾರ್ ಬಳಸಲಾಗಿತ್ತೇ ಎಂದು ಪರೀಕ್ಷೆ ಮಾಡುವ ವಿಜ್ಞಾನಿಗಳು ಕೇಳಿದರೆ, ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಿ. ಇದು ಎರಡನೆಯದು. ಯುದ್ಧದ ಸಮಯದ ಬಗ್ಗೆ, ಶತ್ರುವಿನ ನಿಜವಾದ ಸಬ್‌ಮರೀನ್ ಹುಡುಕುವ ಹೊತ್ತಿನ ಬಗ್ಗೆ ನಾನು ಮಾತಾಡುತ್ತಿಲ್ಲ. ತಾಲೀಮಿನ ಬಗ್ಗೆ ಮಾತ್ರ ಈ ಮಾತು.

ನಾನು ಉತ್ತರ ಕನ್ನಡದವನು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಎಂಬ ನೌಕಾನೆಲೆಯ ಯೋಜನೆಗೆ ಅಡಿಗಲ್ಲು ಹಾಕಿದ್ದು ನಮ್ಮ ಜಿಲ್ಲೆಯಲ್ಲಿ. ಆ ನೆಲೆ, ಐಎನ್‌ಎಸ್ ಕದಂಬ, 2005ರ ಮೇ 31ರಂದು ಕಾರವಾರದಲ್ಲಿ ಸೇವೆಗೆ ಸೇರಿತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ ಎಷ್ಟೋ ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಡ ಬಿಟ್ಟು ಹೋದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದವರು ಇಲ್ಲಿದ್ದಾರೆ. ಅಂಥ ಊರಿನವರು ನಿಮ್ಮ ಹಡಗುಗಳನ್ನು ತಮ್ಮವೇ ಎಂದುಕೊಂಡಿದ್ದಾರೆ. ಅದೇ ಸಲಿಗೆಯಿಂದ ಬರೆಯುತ್ತಿದ್ದೇನೆ.

ಸೋನಾರ್ ಬೇಡ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪ ಐಎನ್‌ಎಸ್ ಖುಕ್ರಿ ಮುಳುಗಿತು. ಹೊಡೆದದ್ದು ಪಾಕಿಸ್ತಾನದ ಹಂಗೋರ್ ಸಬ್‌ಮರೀನ್. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಸಬ್‌ಮರೀನ್ ಬೇಟೆಗೆಂದೇ ಹೋಗಿದ್ದ ಹಡಗು ಅದು. ನೀರಿನೊಳಗೆ ಅಡಗಿದವನನ್ನು ಮೊದಲು ಪತ್ತೆ ಹಚ್ಚದಿದ್ದರೆ ಏನಾಗುತ್ತದೆ ಎಂದು ನಿಮಗೆ ಯಾರೂ ಪಾಠ ಹೇಳಬೇಕಿಲ್ಲ. ಸೋನಾರ್ ಕೈಗೆ ಕೊಟ್ಟು ತಾಲೀಮು ಬೇಡ ಅನ್ನುವುದೂ ಸರಿಯಲ್ಲ. ಆ ಯಂತ್ರದ ಮುಂದೆ ಕೂರುವ ಹುಡುಗರಿಗೆ ನಿಜವಾದ ಕಡಲಿನ ಅನುಭವ ಬೇಕೇ ಬೇಕು. ಆ ತಾಲೀಮನ್ನು ಯಾವ ಕಡಲಲ್ಲಿ, ಯಾವ ಹೊತ್ತಿನಲ್ಲಿ ಮಾಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪತ್ರವನ್ನು ಬೇರೆಯವರೂ ಓದುತ್ತಾರೆ. ಅವರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಸೋನಾರ್‌ನಲ್ಲಿ ಎರಡು ಬಗೆ. ಒಂದು ಪ್ಯಾಸಿವ್. ಅದು ಸುಮ್ನೆ ಕಿವಿಗೊಟ್ಟು ಕೇಳುತ್ತದೆ, ಯಾರಿಗೂ ತೊಂದರೆ ಇಲ್ಲ. ಇನ್ನೊಂದು ಆ್ಯಕ್ಟಿವ್. ಅದು ನೀರಿಗೆ ಜೋರಾದ ಸದ್ದು ಬಿಡುತ್ತದೆ. ಆ ಸದ್ದು ಸಬ್‌ಮರೀನಿಗೆ ಬಡಿದು ಮರಳಿ ಬಂದರೆ ಅದು ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಯುದ್ಧನೌಕೆಗಳು ಹೆಚ್ಚಾಗಿ ಬಳಸುವುದು 1ರಿಂದ 10 ಕಿಲೋಹರ್ಟ್ಜ್ ನಡುವಿನ ಸದ್ದನ್ನು. ಅಮೆರಿಕದ ಹಡಗುಗಳ ಎಸ್‌ಕ್ಯುಎಸ್-53 ಎಂಬ ಸೋನಾರ್ 235 ಡೆಸಿಬಲ್ ಮಟ್ಟದಲ್ಲಿ ಕೂಗುತ್ತದೆ. ನೀರಿನ ಡೆಸಿಬಲ್ಲಿಗೂ ಗಾಳಿಯ ಡೆಸಿಬಲ್ಲಿಗೂ ಅಳತೆಯ ಆಧಾರ ಬೇರೆ ಬೇರೆ. ಗಾಳಿಯ ಲೆಕ್ಕಕ್ಕೆ ತರಬೇಕಾದರೆ ಸುಮಾರು 62 ಕಳೆಯಬೇಕು. ಕಳೆದ ಮೇಲೂ 170 ದಾಟುತ್ತದೆ. ಅದೂ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಬಹಳ ದೂರ ಹೋಗಿಯೂ ಕರಗುವುದಿಲ್ಲ.

ಈ ಸದ್ದು ಹೋಗುವ ನೀರಿನಲ್ಲೇ ಬದುಕುವ ಪ್ರಾಣಿಗಳಿವೆ. ಅವು ಕಿವಿಯಿಂದಲೇ ದಾರಿ ಹುಡುಕುತ್ತವೆ, ಬೇಟೆ ಆಡುತ್ತವೆ, ಮರಿಯನ್ನು ಹತ್ತಿರ ಇಟ್ಟುಕೊಳ್ಳುತ್ತವೆ. ಆಳದ ಕಡಲಿಗೆ ಬೆಳಕು ಹೋಗುವುದಿಲ್ಲ, ಕಣ್ಣಿನ ಕೆಲಸವನ್ನೆಲ್ಲ ಅಲ್ಲಿ ಕಿವಿಯೇ ಮಾಡಬೇಕು.

2000ದ ಮಾರ್ಚ್ 15ರಂದು ಬಹಾಮಾಸ್ ದ್ವೀಪಗಳಲ್ಲಿ ನಡೆದದ್ದನ್ನು ನಿಮ್ಮ ಅಧಿಕಾರಿಗಳು ಓದಿರುತ್ತಾರೆ. ಅಮೆರಿಕದ ಯುದ್ಧನೌಕೆಗಳು ಅಲ್ಲಿನ ಪ್ರಾವಿಡೆನ್ಸ್ ಕಾಲುವೆಗಳಲ್ಲಿ ಸೋನಾರ್ ಬಳಸುತ್ತ ಸಾಗಿದವು. 36 ಗಂಟೆಗಳ ಒಳಗೆ ಸುಮಾರು 240 ಕಿಲೋಮೀಟರ್ ಉದ್ದದ ದಡದಲ್ಲಿ ಅಲ್ಲಲ್ಲಿ 17 ಪ್ರಾಣಿಗಳು ಬಂದು ಬಿದ್ದವು. ಹೆಚ್ಚಿನವು ಕೊಕ್ಕು ತಿಮಿಂಗಿಲಗಳು, ಅಂದರೆ ಡಾಲ್ಫಿನ್ನಿನಂತೆ ಚೂಪು ಮೂತಿಯ, ದಡದ ಹತ್ತಿರ ಬರುವುದೇ ಅಪರೂಪವಾದ ಆಳಕಡಲಿನ ಪ್ರಾಣಿಗಳು. ಕೆಲವನ್ನು ಜನ ಮರಳಿ ನೀರಿಗೆ ತಳ್ಳಿದರು. ಕೆಲವು ಅಲ್ಲೇ ಸತ್ತವು.

ಕೆನ್ ಬಾಲ್‌ಕಂ ಎಂಬ ತಿಮಿಂಗಿಲ ತಜ್ಞರು ಆಗ ಅಲ್ಲಿನ ಒಂದು ದ್ವೀಪದಲ್ಲೇ ವಾಸವಿದ್ದರು. ಅವರು ಹಿಂದೆ ಅಮೆರಿಕದ ನೌಕಾಪಡೆಯಲ್ಲೇ ಕೆಲಸ ಮಾಡಿದವರು, ನೀರಿನೊಳಗಿನ ಸದ್ದಿನ ಬಗ್ಗೆ ಚೆನ್ನಾಗಿ ಬಲ್ಲವರು. ಸತ್ತ ತಿಮಿಂಗಿಲಗಳ ತಲೆಗಳನ್ನು ಕೊಳೆಯುವ ಮೊದಲೇ ಅವರು ಶೀತಪೆಟ್ಟಿಗೆಗೆ ಸೇರಿಸಿದರು. ಇಡೀ ಪ್ರಕರಣ ನಿಂತದ್ದೇ ಆ ಒಂದು ಕೆಲಸದ ಮೇಲೆ. ಸ್ಕ್ಯಾನ್ ಮಾಡಿ ನೋಡಿದಾಗ ಕಿವಿ ಮತ್ತು ಮಿದುಳಿನ ಸುತ್ತ ರಕ್ತಸ್ರಾವ ಕಂಡಿತು. 2001ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾಪಡೆ ಮತ್ತು ಅಲ್ಲಿನ ವಾಣಿಜ್ಯ ಇಲಾಖೆ ಸೇರಿ ವರದಿ ಕೊಟ್ಟವು. ಹಡಗುಗಳ ಸೋನಾರೇ ಇದಕ್ಕೆ ಅತ್ಯಂತ ಸಂಭವನೀಯ ಕಾರಣ ಎಂದು ಆ ವರದಿ ಒಪ್ಪಿತು. ಬಾಲ್‌ಕಂ ವರ್ಷಗಳಿಂದ ಫೋಟೊ ತೆಗೆದು ಗುರುತು ಇಟ್ಟಿದ್ದ ತಿಮಿಂಗಿಲಗಳಲ್ಲಿ ಹೆಚ್ಚಿನವು ಆಮೇಲೆ ಅಲ್ಲಿ ಕಾಣಲಿಲ್ಲ.

ಒಂದು ನೌಕಾಪಡೆ ತನ್ನದೇ ಹಡಗುಗಳ ಬಗ್ಗೆ ಹೀಗೆ ಬರೆದು ಅಚ್ಚು ಹಾಕಿಸಿತು. ಅದರಿಂದ ಅದರ ಬಲ ಕುಂದಲಿಲ್ಲ. ಇದನ್ನು ನಾನು ದೊಡ್ಡ ವಿಷಯ ಎಂದುಕೊಂಡಿದ್ದೇನೆ.

ಆ ವರದಿಯ ಇನ್ನೊಂದು ಭಾಗ ನಮಗೆ ಇನ್ನೂ ಮುಖ್ಯ. ಅನಾಹುತಕ್ಕೆ ಏನೇನು ಕೂಡಿ ಬಂದಿತ್ತು ಎಂದು ಅದು ಬಿಡಿಸಿ ಹೇಳುತ್ತದೆ. ನೀರಿನ ಮೇಲ್ಪದರದಲ್ಲಿ ಸದ್ದು ಕೆಳಗಿಳಿಯದೆ ದೂರ ಹರಿಯುವಂಥ ಸ್ಥಿತಿ ಅಂದು ಇತ್ತು. ಕಾಲುವೆ ಇಕ್ಕಟ್ಟಾಗಿತ್ತು, ತಪ್ಪಿಸಿಕೊಳ್ಳಲು ದಾರಿ ಕಡಿಮೆ ಇತ್ತು. ಒಂದಕ್ಕಿಂತ ಹೆಚ್ಚು ಹಡಗುಗಳು ತುಂಬ ಹೊತ್ತು ಸೋನಾರ್ ಬಳಸಿದವು. ಅಲ್ಲಿ ಕೊಕ್ಕು ತಿಮಿಂಗಿಲಗಳು ವಾಸವಿದ್ದವು. ಇವೆಲ್ಲ ಒಟ್ಟಿಗೆ ಸೇರುವ ಜಾಗ ಯಾವುದು, ಕಾಲ ಯಾವುದು ಎಂದು ಮೊದಲೇ ತಿಳಿಯಲು ಸಾಧ್ಯ. ಅಂದರೆ ತಪ್ಪಿಸಲೂ ಸಾಧ್ಯ.

ಸ್ಪೇನ್ ಅದನ್ನೇ ಮಾಡಿತು. 2002ರ ಸೆಪ್ಟೆಂಬರ್ 24ರಂದು ಕ್ಯಾನರಿ ದ್ವೀಪಗಳ ಬಳಿ ನೇಟೊ ದೇಶಗಳ ಸಮರಾಭ್ಯಾಸ ನಡೆದಿತ್ತು. ಸೋನಾರ್ ಶುರುವಾದ ಸುಮಾರು ನಾಲ್ಕು ಗಂಟೆಗೆ ಕೊಕ್ಕು ತಿಮಿಂಗಿಲಗಳು ಫುಯೆರ್ಟೆವೆಂಚುರಾ ಮತ್ತು ಲಾಂಝರೋಟೆ ದ್ವೀಪಗಳ ದಡಕ್ಕೆ ಬರತೊಡಗಿದವು. ಒಟ್ಟು 14. ಲಾಸ್ ಪಾಲ್ಮಾಸ್ ವಿಶ್ವವಿದ್ಯಾಲಯದ ಪಶುವೈದ್ಯ ಆಂಟೊನಿಯೊ ಫರ್ನಾಂಡಿಸ್ ಮತ್ತು ಜೊತೆಗಾರರು ತಡಮಾಡದೆ ಶವಪರೀಕ್ಷೆ ಮಾಡಿದರು. ಅಂಗಾಂಗಗಳಲ್ಲಿ, ರಕ್ತನಾಳಗಳಲ್ಲಿ ಗಾಳಿಗುಳ್ಳೆಗಳೂ ಕೊಬ್ಬಿನ ಕಣಗಳೂ ಸಿಕ್ಕವು.

ಗುಳ್ಳೆ ಎಂದರೆ ಏನು ಎಂದು ನಿಮ್ಮ ಡೈವರ್‌ಗಳಿಗೆ ಗೊತ್ತು. ಆಳದಿಂದ ಗಡಿಬಿಡಿಯಲ್ಲಿ ಮೇಲೆ ಬಂದವರ ರಕ್ತದಲ್ಲಿ ಕರಗಿದ್ದ ನೈಟ್ರೋಜನ್, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವಂತೆ ಗುಳ್ಳೆಯಾಗಿ ಏಳುತ್ತದೆ. ಮನುಷ್ಯರನ್ನಾದರೆ ಒತ್ತಡದ ಕೊಠಡಿಯಲ್ಲಿ ಮಲಗಿಸಿ ಉಳಿಸಬಹುದು. ಕೊಕ್ಕು ತಿಮಿಂಗಿಲ ಕೋಟ್ಯಂತರ ವರ್ಷಗಳಿಂದ ಆಳಕ್ಕೆ ಹೊಂದಿಕೊಂಡ ಪ್ರಾಣಿ. ಕುವಿಯರ್ ಕೊಕ್ಕು ತಿಮಿಂಗಿಲವೊಂದು ಸುಮಾರು 3 ಕಿಲೋಮೀಟರ್ ಆಳಕ್ಕೆ ಇಳಿದದ್ದು ದಾಖಲಾಗಿದೆ. ಇನ್ನೊಂದು 3 ಗಂಟೆ 42 ನಿಮಿಷ ಉಸಿರು ಬಿಗಿಹಿಡಿದು ನೀರೊಳಗೆ ಇತ್ತು. ಅಂಥ ಪ್ರಾಣಿಗೇ ಗುಳ್ಳೆ ಏಳಬೇಕಾದರೆ ಅದು ತನ್ನ ಮುಳುಗುವ, ಏಳುವ ಕ್ರಮವನ್ನೇ ಮರೆಯುವಷ್ಟು ಹೆದರಿರಬೇಕು. ವಿಜ್ಞಾನಿಗಳಲ್ಲಿ ಬಹುಪಾಲು ಜನ ಹೇಳುವುದೂ ಇದನ್ನೇ. ಸದ್ದು ನೇರವಾಗಿ ಕೊಲ್ಲುವುದಕ್ಕಿಂತ, ಸದ್ದಿಗೆ ಬೆದರಿ ಓಡಿದ್ದೇ ಕೊಲ್ಲುತ್ತದೆ.

2004ರಲ್ಲಿ ಸ್ಪೇನ್ ಸರ್ಕಾರ ಕ್ಯಾನರಿ ದ್ವೀಪಗಳ ಸುತ್ತ 50 ನಾಟಿಕಲ್ ಮೈಲಿನೊಳಗೆ ಇಂಥ ಸೋನಾರ್ ಬಳಕೆ ನಿಲ್ಲಿಸಿತು. ಅದಕ್ಕೆ ಮೊದಲು, 1980ರ ದಶಕದಿಂದಲೂ ಆ ದ್ವೀಪಗಳಲ್ಲಿ ಕೊಕ್ಕು ತಿಮಿಂಗಿಲಗಳು ಮತ್ತೆ ಮತ್ತೆ ಗುಂಪಾಗಿ ದಡಕ್ಕೆ ಬಂದು ಸಾಯುತ್ತಿದ್ದವು. ನಿಷೇಧದ ನಂತರ ಅಂಥ ಒಂದು ಸಾಮೂಹಿಕ ಸಾವೂ ಆಗಿಲ್ಲ ಎಂದು 2013ರಲ್ಲಿ ಅದೇ ವಿಜ್ಞಾನಿಗಳು ಬರೆದರು. ಸ್ಪೇನ್ ಅಂದೂ ನೇಟೊ ಸದಸ್ಯ, ಇಂದೂ ಸದಸ್ಯ. ಅದರ ನೌಕಾಪಡೆ ತಾಲೀಮು ಬಿಟ್ಟಿಲ್ಲ. ಜಾಗ ಬದಲಿಸಿತು, ಅಷ್ಟೇ. ಪರಿಸರದ ಹೋರಾಟಗಳಲ್ಲಿ ಇಷ್ಟು ಸ್ವಚ್ಛವಾದ ಫಲಿತಾಂಶ ಸಿಗುವುದು ತೀರಾ ಅಪರೂಪ. ಕಾರಣ ತಿಳಿಯಿತು, ಕಾರಣ ತೆಗೆದರು, ಸಾವು ನಿಂತಿತು.

ಸಾವು ಮಾತ್ರ ಲೆಕ್ಕಕ್ಕೆ ಬರಬೇಕಾದದ್ದಲ್ಲ. ಕ್ಯಾಲಿಫೋರ್ನಿಯಾದ ದಕ್ಷಿಣ ಕಡಲಲ್ಲಿ ವಿಜ್ಞಾನಿಗಳು ತಿಮಿಂಗಿಲಗಳ ಬೆನ್ನಿಗೆ ಅಳತೆಯ ಉಪಕರಣ ಅಂಟಿಸಿ, ಸೋನಾರಿನಂಥದೇ ಸದ್ದು ಕೇಳಿಸಿ ನೋಡಿದರು. ಆಳದಲ್ಲಿ ತಿನ್ನುತ್ತಿದ್ದ ನೀಲಿ ತಿಮಿಂಗಿಲಗಳಲ್ಲಿ ಕೆಲವು ತಿನ್ನುವುದನ್ನು ನಿಲ್ಲಿಸಿ ಅಲ್ಲಿಂದ ಹೊರಟವು. ಕುವಿಯರ್ ಕೊಕ್ಕು ತಿಮಿಂಗಿಲಗಳು ಅಷ್ಟೇನೂ ಜೋರಲ್ಲದ ಸದ್ದಿಗೂ ಬೇಟೆ ನಿಲ್ಲಿಸಿ ವೇಗವಾಗಿ ದೂರ ಸರಿದವು. 2013ರಲ್ಲಿ ಈ ಎರಡೂ ಅಧ್ಯಯನಗಳು ಪ್ರಕಟವಾದವು. ಒಂದು ಹೊತ್ತಿನ ಊಟ ತಪ್ಪಿದರೆ ತಿಮಿಂಗಿಲ ಸಾಯುವುದಿಲ್ಲ. ತಾಲೀಮು ದಿನಗಟ್ಟಲೆ ನಡೆದರೆ, ವರ್ಷವೂ ಅದೇ ಜಾಗದಲ್ಲಿ ನಡೆದರೆ? ಮರಿಗೆ ಹಾಲು ಕೊಡುವ ತಾಯಿಗೆ ಅದು ಸಣ್ಣ ಪೆಟ್ಟಲ್ಲ.

ಅಮೆರಿಕದಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2008ರ ನವೆಂಬರಿನಲ್ಲಿ ತೀರ್ಪು ನೌಕಾಪಡೆಯ ಪರ ಬಂತು. ತಾಲೀಮಿನ ಅಗತ್ಯವೇ ದೊಡ್ಡದು ಎಂದು ಕೋರ್ಟು ಹೇಳಿತು. ನಮ್ಮಲ್ಲೂ ಯಾರಾದರೂ ಕೋರ್ಟಿಗೆ ಹೋದರೆ ಇದೇ ತೀರ್ಪನ್ನು ಎತ್ತಿ ತೋರಿಸುವವರು ಇರುತ್ತಾರೆ. ಅವರು ಅದರ ಮುಂದಿನ ಕಥೆಯನ್ನೂ ಹೇಳಬೇಕು. 2015ರಲ್ಲಿ ಹವಾಯಿಯ ಫೆಡರಲ್ ಕೋರ್ಟಿನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನೌಕಾಪಡೆ ರಾಜಿಗೆ ಒಪ್ಪಿತು. ಹವಾಯಿ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾದ ಕೆಲವು ಮುಖ್ಯ ಜಾಗಗಳಲ್ಲಿ ಸೋನಾರಿಗೆ 2018ರ ಕೊನೆಯವರೆಗೆ ಮಿತಿ ಹಾಕಿಕೊಂಡಿತು. ತಾಲೀಮಿನಿಂದ ಎಷ್ಟು ಪ್ರಾಣಿಗಳಿಗೆ ತೊಂದರೆ ಆಗಬಹುದು ಎಂಬ ಅಂದಾಜನ್ನು ಅದು ಮೊದಲೇ ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತದೆ. ಮಲಬಾರ್ ಸಮರಾಭ್ಯಾಸದಲ್ಲಿ ನಿಮ್ಮ ಜೊತೆ ಹಡಗು ನಡೆಸುವುದು ಇದೇ ನೌಕಾಪಡೆ.

ಈಗ ನಮ್ಮ ಕಡಲಿಗೆ ಬರೋಣ.

ಅರಬ್ಬೀ ಸಮುದ್ರದಲ್ಲಿ ಒಂದು ಬಗೆಯ ಹಂಪ್‌ಬ್ಯಾಕ್ ತಿಮಿಂಗಿಲ ಇದೆ. ಲೋಕದ ಬೇರೆ ಹಂಪ್‌ಬ್ಯಾಕ್‌ಗಳು ಬೇಸಿಗೆಗೆ ಧ್ರುವದ ಕಡೆ ಹೋಗುತ್ತವೆ, ಇವು ಹೋಗುವುದಿಲ್ಲ. ವರ್ಷವಿಡೀ ಇಲ್ಲೇ ಇರುತ್ತವೆ. ಒಮಾನ್ ಕರಾವಳಿಯ ಲೆಕ್ಕದಲ್ಲಿ ನೂರೂ ಇಲ್ಲ. 2017ರ ಕೊನೆಯಲ್ಲಿ ಒಮಾನ್‌ನಲ್ಲಿ ಲುಬಾನ್ ಎಂಬ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹ ಟ್ಯಾಗ್ ಹಾಕಿದರು. ಅದು ಅರಬ್ಬೀ ಸಮುದ್ರ ದಾಟಿ ಗೋವಾದ ಕಡೆಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯವರೆಗೂ ಹೋಯಿತು. ಅಂದರೆ ನಮ್ಮ ಕರಾವಳಿಯ ಎದುರಿನ ಕಡಲಿನಲ್ಲೇ ಹಾದುಹೋಯಿತು. ಗೋವಾ ಕರಾವಳಿಯ ನೀರಿನಲ್ಲಿ ಇಟ್ಟ ಮೈಕಿನಲ್ಲಿ ಹಂಪ್‌ಬ್ಯಾಕ್‌ಗಳ ಹಾಡು ದಾಖಲಾಗಿದೆ. ಲಕ್ಷದ್ವೀಪದ ಕವರತ್ತಿಯ ಬಳಿ ನೀಲಿ ತಿಮಿಂಗಿಲದ ಹಾಡೂ ಸಿಕ್ಕಿದೆ. ಕೊಕ್ಕು ತಿಮಿಂಗಿಲಗಳೂ ನಮ್ಮ ನೆರೆಯಲ್ಲಿವೆ. ದೇರಣಿಯಗಲ ಕೊಕ್ಕು ತಿಮಿಂಗಿಲ ಎಂಬ ಜಾತಿಯನ್ನು ಮೊದಲು ಗುರುತಿಸಿದ್ದೇ ಕೊಲಂಬೊ ಪಕ್ಕದ ರತ್ಮಲಾನದ ದಡಕ್ಕೆ ಬಂದ ಒಂದು ಪ್ರಾಣಿಯಿಂದ, 1963ರಲ್ಲಿ.

ಇನ್ನು ಕಾರವಾರದಲ್ಲೇ, ನಿಮ್ಮ ನೆಲೆಯಿಂದ ಸ್ವಲ್ಪವೇ ದೂರದಲ್ಲಿ, ಕಾಳಿ ನದಿಯ ಅಳಿವೆಯಲ್ಲಿ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ದೇವಬಾಗದಿಂದ ಪ್ರವಾಸಿಗರು ದೋಣಿ ಹತ್ತಿ ನೋಡಲು ಹೋಗುವುದು ಇವನ್ನೇ. ಅಳಿವಿನ ಅಂಚಿಗೆ ಬಂದ ಜಾತಿ ಎಂದು ಜಗತ್ತಿನ ಪಟ್ಟಿಯಲ್ಲಿ ಸೇರಿದೆ. ಇವು ಆಳಕ್ಕೆ ಹೋಗುವುದಿಲ್ಲ. ದಡದ ಹತ್ತಿರದ, ಆಳ ಕಡಿಮೆ ಇರುವ ನೀರೇ ಇವುಗಳ ಮನೆ. ಬಂದರಿನ ಸದ್ದು, ಕಂಬ ಬಡಿಯುವ ಸದ್ದು, ಹಡಗುಗಳ ಸದ್ದು ಎಲ್ಲವೂ ಇವುಗಳ ಕಿವಿಗೆ ಬೀಳುತ್ತದೆ. ಓಡಿಹೋಗೋಣ ಎಂದರೆ ಒಂದು ಕಡೆ ದಡ, ಇನ್ನೊಂದು ಕಡೆ ಒಗ್ಗದ ಆಳ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಭಾರತದ ದಡಕ್ಕೆ ಬಂದ ಯಾವುದೋ ತಿಮಿಂಗಿಲ ನಿಮ್ಮ ಸೋನಾರಿನಿಂದ ಸತ್ತಿತು ಎಂದು ನಾನು ಆರೋಪ ಮಾಡುತ್ತಿಲ್ಲ. ಡಾಲ್ಫಿನ್‌ಗಳನ್ನು ಅತಿ ಹೆಚ್ಚು ಕೊಲ್ಲುವುದು ಮೀನಿನ ಬಲೆ, ಸೋನಾರ್ ಅಲ್ಲ. ಸಾಮೂಹಿಕ ಸಾವಿಗೆ ಬೇರೆ ಕಾರಣಗಳೂ ಇವೆ. 2016ರ ಜನವರಿಯಲ್ಲಿ ತಮಿಳುನಾಡಿನ ಮಣಪಾಡು ಸುತ್ತಮುತ್ತ ಎಂಬತ್ತಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ದಡಕ್ಕೆ ಬಂದಾಗ ಸೋನಾರ್ ಎಂಬ ಮಾತು ಕೂಡಲೇ ಹಬ್ಬಿತು. ಅದೇ ಕರಾವಳಿಯಲ್ಲಿ 1973ರ ಜನವರಿಯಲ್ಲೂ ನೂರಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಬಂದಿದ್ದವು. ಆ ದಡದ ಆಕಾರ, ಅಲೆ, ಗುಂಪಿನ ಮುಖ್ಯ ಪ್ರಾಣಿಯ ಕಾಯಿಲೆ, ಏನೂ ಇರಬಹುದು. ಗೊತ್ತಿಲ್ಲದ್ದನ್ನು ನೌಕಾಪಡೆಯ ತಲೆಗೆ ಕಟ್ಟುವುದು ಅನ್ಯಾಯ.

ಅನ್ಯಾಯ ಆಗಬಾರದು ಅಂದರೆ ಗೊತ್ತಾಗುವ ದಾರಿ ಇರಬೇಕು, ಅಲ್ವಾ? ಈಗ ಇಲ್ಲ. ನಮ್ಮ ದಡಕ್ಕೆ ಬರುವ ಶವಗಳು ಹೆಚ್ಚಾಗಿ ಕೊಳೆತಿರುತ್ತವೆ. ಸುದ್ದಿ ತಿಳಿದು ಅರಣ್ಯ ಇಲಾಖೆಯವರು, ಪಶುವೈದ್ಯರು ಬರುವ ಹೊತ್ತಿಗೆ ನಮ್ಮ ಬಿಸಿಲು ಅದರ ಕೆಲಸ ಮುಗಿಸಿರುತ್ತದೆ. ಅಳತೆ ತೆಗೆದು ಮರಳಲ್ಲಿ ಹೂಳುತ್ತಾರೆ. ಅವರ ತಪ್ಪೂ ಅಲ್ಲ. ಜೆಸಿಬಿ ತರಿಸುವುದೇ ಒಂದು ಸಾಹಸ. ಗಾಳಿಗುಳ್ಳೆ ಇತ್ತೇ, ಕಿವಿಯೊಳಗೆ ರಕ್ತ ಇತ್ತೇ ಎಂದು ನೋಡಬೇಕಾದರೆ ಕೆಲವೇ ಗಂಟೆಗಳಲ್ಲಿ, ಅದಕ್ಕೆ ತರಬೇತಿ ಪಡೆದವರು ಶವ ಬಿಡಿಸಬೇಕು. ಪರಿಸರ ಸಚಿವಾಲಯ 2021ರಲ್ಲಿ ದಡಕ್ಕೆ ಬರುವ ದೊಡ್ಡ ಕಡಲ ಪ್ರಾಣಿಗಳ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿದೆ. ಒಳ್ಳೆಯ ಕೆಲಸ. ಅದಕ್ಕೆ ಜೀವ ಬರುವುದು ಕರಾವಳಿಯ ಪ್ರತಿ ಜಿಲ್ಲೆಯಲ್ಲೂ ಚಾಕು ಹಿಡಿಯಬಲ್ಲ ಪಶುವೈದ್ಯರು, ಶವವನ್ನು ಸಾಗಿಸಲು ವಾಹನ, ಕೊಳೆಯದಂತೆ ಇಡಲು ಜಾಗ ಇದ್ದಾಗ. ಇದು ಸಚಿವಾಲಯಕ್ಕೂ ಅರಣ್ಯ ಇಲಾಖೆಗೂ ನನ್ನ ಕೋರಿಕೆ.

ಆ ಪಶುವೈದ್ಯರು ಗುಳ್ಳೆಯನ್ನೇ ಕಂಡರು ಅಂತಿಟ್ಟುಕೊಳ್ಳಿ. ಮುಂದೆ? ಆ ದಿನಗಳಲ್ಲಿ ಕಡಲಲ್ಲಿ ಏನು ನಡೆಯಿತು ಎಂದು ಹೇಳಬಲ್ಲವರು ನೀವು ಮಾತ್ರ. ಅದಕ್ಕೇ ಹೌದು ಅಥವಾ ಇಲ್ಲ ಎಂಬ ಉತ್ತರ ಕೇಳುತ್ತಿರುವುದು. ಯಾವ ಹಡಗು, ಯಾವ ತರಂಗ, ಎಷ್ಟು ಬಲ, ಎಷ್ಟು ಹೊತ್ತು, ಯಾವುದನ್ನೂ ಹೇಳಬೇಕಿಲ್ಲ. ಹಿಂದಿನ ಮೂರು ದಿನಗಳಲ್ಲಿ, ಇಂತಿಷ್ಟು ಮೈಲಿನೊಳಗೆ, ಆ್ಯಕ್ಟಿವ್ ಸೋನಾರ್ ಬಳಸಲಾಗಿತ್ತೇ? ಉತ್ತರವನ್ನು ಪತ್ರಿಕೆಗೆ ಕೊಡುವುದೂ ಬೇಡ. ಸಚಿವಾಲಯ ನೇಮಿಸಿದ ಇಬ್ಬರೋ ಮೂವರೋ ವಿಜ್ಞಾನಿಗಳಿಗೆ ಗೋಪ್ಯವಾಗಿ ಕೊಡಿ. 2008ರ ಜೂನ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕನಿಷ್ಠ 26 ಡಾಲ್ಫಿನ್‌ಗಳು ಸತ್ತಾಗ, ಆ ದಿನಗಳ ನೌಕಾ ತಾಲೀಮಿನ ಸಮಯವನ್ನು ವಿಜ್ಞಾನಿಗಳು ಹೋಲಿಸಿ ನೋಡಲು ಸಾಧ್ಯವಾಯಿತು. ಕಾಯಿಲೆ, ಬಲೆ, ವಿಷ ಎಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿ, ತಾಲೀಮೇ ಹೆಚ್ಚು ಸಂಭವನೀಯ ಕಾರಣ ಎಂಬಲ್ಲಿಗೆ ಅವರು ಬಂದರು. ನಮ್ಮಲ್ಲಿ ಇಲ್ಲ ಎಂಬ ಉತ್ತರವೇ ಹೆಚ್ಚು ಸಲ ಬರಬಹುದು. ಆಗ ನೌಕಾಪಡೆಯ ಮೇಲಿನ ಅನುಮಾನವೂ ಹೋಗುತ್ತದೆ.

ಜಾಗದ ವಿಷಯಕ್ಕೆ ಬರುತ್ತೇನೆ. ಹಡಗಿನ ಮೇಲೆ ದುರ್ಬೀನು ಹಿಡಿದ ಕಾವಲುಗಾರರನ್ನು ನಿಲ್ಲಿಸುತ್ತೇವೆ, ತಿಮಿಂಗಿಲ ಕಂಡರೆ ಸೋನಾರ್ ನಿಲ್ಲಿಸುತ್ತೇವೆ ಎನ್ನುವುದು ಹಲವು ದೇಶಗಳ ನಿಯಮ. ಅದು ಇರಲಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ ಎಂಬುದು ನನ್ನ ಮನವಿ. ಕೊಕ್ಕು ತಿಮಿಂಗಿಲ ಒಂದು ಗಂಟೆಯಷ್ಟು ಹೊತ್ತು ನೀರಿನಡಿ ಇದ್ದು, ಎರಡು ನಿಮಿಷ ಮೇಲೆ ಬಂದು, ಸದ್ದಿಲ್ಲದೆ ಮತ್ತೆ ಮುಳುಗುತ್ತದೆ. ರಾತ್ರಿ, ಅಲೆ ಎದ್ದಾಗ, ಮಳೆ ಇದ್ದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅವು ಇರುವ ಜಾಗಕ್ಕೆ ತಾಲೀಮನ್ನೇ ಒಯ್ಯದಿರುವುದು ನಿಜವಾದ ರಕ್ಷಣೆ. ಲಕ್ಷದ್ವೀಪದ ದ್ವೀಪಗಳ ಪಕ್ಕದಲ್ಲೇ ಕಡಲು ಥಟ್ಟನೆ ಆಳವಾಗುತ್ತದೆ. ಅಂಡಮಾನಿನಲ್ಲೂ ಹಾಗೇ. ಬಹಾಮಾಸ್ ವರದಿ ಹೇಳಿದ ಸಂಗತಿಗಳನ್ನು ಮುಂದಿಟ್ಟುಕೊಂಡು ಮೊದಲು ಪರೀಕ್ಷಿಸಬೇಕಾದ ಜಾಗಗಳು ಇವು. ಇವುಗಳ ಜೊತೆ ಕಾಳಿ ಅಳಿವೆ, ನೇತ್ರಾಣಿ ದ್ವೀಪದ ಸುತ್ತಲಿನ ಹವಳದ ಕಡಲು, ಹೊನ್ನಾವರದ ಅಪ್ಸರಕೊಂಡ ಕಡಲಧಾಮದ ಎದುರಿನ ನೀರೂ ಸೇರಲಿ.

ಇದನ್ನು ಮಾಡುವ ಜಾಣ್ಮೆ ನಮ್ಮಲ್ಲೇ ಇದೆ. ಕೊಚ್ಚಿಯ ಎನ್‌ಪಿಒಎಲ್ ಎಂಬ ನೌಕಾ ಸಂಶೋಧನಾಲಯ ದಶಕಗಳಿಂದ ನಮ್ಮ ಸೋನಾರ್‌ಗಳನ್ನು ರೂಪಿಸಿದೆ. ಹಂಸ, ಉಷಸ್ ಎಲ್ಲ ಅಲ್ಲಿಯವು. ಅವನ್ನು ತಯಾರಿಸುವ ಬಿಇಎಲ್ ನಮ್ಮ ಬೆಂಗಳೂರಿನದು. ಯಾವ ತಿಂಗಳಲ್ಲಿ ಯಾವ ಕಡಲಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮೇಲಿನ ನೀರು ಕಾದಾಗ ಸದ್ದು ಹೇಗೆ ಕೆಳಕ್ಕೆ ಬಾಗುತ್ತದೆ ಎಂದು ನಿಮ್ಮವರಿಗಿಂತ ಚೆನ್ನಾಗಿ ಬಲ್ಲವರು ಈ ದೇಶದಲ್ಲಿ ಇಲ್ಲ. ಇದೇ ಕೆಲಸಕ್ಕೆ ಐಎನ್‌ಎಸ್ ಸಾಗರಧ್ವನಿ ಎಂಬ ಹಡಗೇ ಇದೆ. ಅದರ ಮೈಕುಗಳಿಗೆ ತಿಮಿಂಗಿಲಗಳ ದನಿ ಖಂಡಿತ ಕೇಳಿಸುತ್ತದೆ. ರಕ್ಷಣೆಗೆ ಧಕ್ಕೆ ತರದ ಆ ದಾಖಲೆಗಳನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳ ಜೊತೆ ಹಂಚಿಕೊಂಡರೆ, ನಮ್ಮ ಕಡಲಿನ ತಿಮಿಂಗಿಲಗಳ ನಕ್ಷೆ ಕೆಲವೇ ವರ್ಷಗಳಲ್ಲಿ ಸಿದ್ಧವಾಗುತ್ತದೆ. ದಡದಲ್ಲಿ ನಿಂತು ನಾವು ನೂರು ವರ್ಷ ದುರ್ಬೀನು ಹಿಡಿದರೂ ಅಷ್ಟು ಸಿಗುವುದಿಲ್ಲ.

ರಕ್ಷಣಾ ವ್ಯವಸ್ಥೆ ಒಂದು ಪ್ರಾಣಿಗಾಗಿ ತನ್ನ ಕೆಲಸದ ಸಮಯ ಬದಲಿಸಿದ್ದು ನಮ್ಮ ದೇಶದಲ್ಲೇ ಆಗಿದೆ. ಒಡಿಶಾದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುವ ಕಾಲಕ್ಕೆ, 2024ರ ಜನವರಿಯಿಂದ ಮಾರ್ಚ್‌ವರೆಗೆ, ವೀಲರ್ ದ್ವೀಪದಲ್ಲಿ ಕ್ಷಿಪಣಿ ಪರೀಕ್ಷೆ ನಿಲ್ಲಿಸಲು ಡಿಆರ್‌ಡಿಒ ಒಪ್ಪಿತು. ಕರಾವಳಿ ಕಾವಲು ಪಡೆ 1980ರ ದಶಕದಿಂದ ಆಪರೇಷನ್ ಒಲಿವಿಯಾ ಹೆಸರಲ್ಲಿ ಅದೇ ಆಮೆಗಳನ್ನು ಕಾಯುತ್ತಿದೆ. ಕ್ಷಿಪಣಿಗೆ ಮೂರು ತಿಂಗಳು ಕಾಯಲು ಆಗುತ್ತದೆ ಎಂದಾದರೆ, ತಾಲೀಮಿನ ಸೋನಾರನ್ನು ಐವತ್ತು ಮೈಲು ಆಚೆ ಒಯ್ಯಲೂ ಆಗುತ್ತದೆ. ನೇತ್ರಾಣಿಯ ವಿಷಯ ನಮ್ಮ ಜಿಲ್ಲೆಯ ಜನ ಮರೆತಿಲ್ಲ. ಆ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದಕ್ಕೆ ಇಲ್ಲಿ ಬಹಳ ವಿರೋಧ ಬಂತು. ಸಮುದ್ರ ಹದ್ದು ಗೂಡು ಕಟ್ಟುವ, ಸುತ್ತ ಹವಳ ಬೆಳೆದ ದ್ವೀಪಕ್ಕೆ ಗುಂಡು ಹೊಡೆಯುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಜನ ಮಾತಾಡಿದರು. ನೀರಿನೊಳಗಿನ ಸದ್ದು ಕಾಣುವುದೂ ಇಲ್ಲ, ದಡದಲ್ಲಿದ್ದವರಿಗೆ ಕೇಳುವುದೂ ಇಲ್ಲ. ಅದರ ಬಗ್ಗೆ ನೀವೇ ಮುಂದಾಗಿ ಮಾತಾಡಬೇಕು.

ಕಾನೂನಿನ ಮಾತು ಸ್ವಲ್ಪವೇ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳು ಹುಲಿಯ ಜೊತೆಗೇ ಮೊದಲ ಪರಿಶಿಷ್ಟದಲ್ಲಿವೆ. ತಿಮಿಂಗಿಲದ ವಾಂತಿ ಎಂದು ಕರೆಯುವ ಅಂಬರ್‌ಗ್ರೀಸ್ ಮಾರಲು ಹೋದವರನ್ನು ಬೆಂಗಳೂರಿನಲ್ಲಿ, ಕರಾವಳಿಯಲ್ಲಿ ಪೊಲೀಸರು ಹಿಡಿದು ಒಳಗೆ ಹಾಕುತ್ತಾರೆ. 2020ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಡಾಲ್ಫಿನ್ ಯೋಜನೆ ಘೋಷಿಸಿದಾಗ ನದಿಯ ಜೊತೆ ಕಡಲಿನ ಡಾಲ್ಫಿನ್‌ಗಳನ್ನೂ ಸೇರಿಸಿದರು. ಮೀನುಗಾರರಂತೂ ಈಗಾಗಲೇ ಲೆಕ್ಕ ಕೊಡುತ್ತಿದ್ದಾರೆ. ಬಲೆಗೆ ಬಿದ್ದು ಸಾಯುವ ಕಡಲ ಸಸ್ತನಿಗಳನ್ನು ಕಡಿಮೆ ಮಾಡುವ ಕ್ರಮ ಇಲ್ಲದ ದೇಶದಿಂದ ಮೀನು ಕೊಳ್ಳುವುದಿಲ್ಲ ಎಂದು ಅಮೆರಿಕ 2016ರಲ್ಲಿ ನಿಯಮ ಮಾಡಿತು. ಅದಕ್ಕಾಗಿ ನಮ್ಮ ಕಡಲಲ್ಲಿ ಡಾಲ್ಫಿನ್, ತಿಮಿಂಗಿಲಗಳ ಗಣತಿ ನಡೆದಿದೆ. ನಮ್ಮ ಬೈತಖೋಲ, ತದಡಿ ಬಂದರುಗಳ ಬೋಟಿನವರು ಲೆಕ್ಕ ಕೊಡಬಹುದಾದರೆ ಎಲ್ಲರೂ ಕೊಡಬಹುದು. ರಕ್ಷಣಾ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದು 2006ರ ಪರಿಸರ ಪರಿಣಾಮದ ಅಧಿಸೂಚನೆ ಹೇಳುತ್ತದೆ ಎಂಬುದು ನನಗೆ ಗೊತ್ತು. ಹಾಗಾಗಿ ನಿಮ್ಮನ್ನು ಕಟ್ಟಿಹಾಕುವ ಕಾನೂನನ್ನು ಮುಂದಿಟ್ಟು ನಾನು ಬರೆಯುತ್ತಿಲ್ಲ. ನೀವಾಗಿಯೇ ಮಾಡಬೇಕು ಎಂದು ಕೇಳುತ್ತಿದ್ದೇನೆ.

ಸೋನಾರ್ ಬಳಸದ ಜಾಗಗಳ ಪಟ್ಟಿ ಹೊರಗೆ ಬಂದರೆ ಶತ್ರು ಅಲ್ಲೇ ಅಡಗುವುದಿಲ್ಲವೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಶತ್ರು ಇದ್ದಾನೆ ಎಂಬ ಅನುಮಾನ ಬಂದ ಕ್ಷಣಕ್ಕೆ ಆ ನಿಯಮ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆಯಬಹುದು. ಕ್ಯಾನರಿ ದ್ವೀಪಗಳ 50 ಮೈಲಿನ ಗಡಿ ಇಪ್ಪತ್ತು ವರ್ಷಗಳಿಂದ ಜಗತ್ತಿಗೇ ಗೊತ್ತು. ಅದರಿಂದ ಸ್ಪೇನಿನ ರಕ್ಷಣೆಗೆ ತೂತು ಬಿತ್ತೆಂದು ಅವರ ಮಿತ್ರ ದೇಶಗಳೂ ಹೇಳಿಲ್ಲ.

ನಿಮ್ಮಿಂದ ಇಷ್ಟು ಉತ್ತರ ಬೇಕು. ಆ್ಯಕ್ಟಿವ್ ಸೋನಾರ್ ತಾಲೀಮಿನಲ್ಲಿ ಕಡಲ ಸಸ್ತನಿಗಳ ರಕ್ಷಣೆಗೆ ನೌಕಾಪಡೆಯಲ್ಲಿ ಈಗ ಲಿಖಿತ ನಿಯಮ ಇದೆಯೇ? ಇದ್ದರೆ ಅದರಲ್ಲಿ ಗೋಪ್ಯವಲ್ಲದ ಭಾಗವನ್ನು ಪ್ರಕಟಿಸಿ. ಇಲ್ಲದಿದ್ದರೆ ಅದನ್ನು ಬರೆಯಲು ಎನ್‌ಪಿಒಎಲ್, ಸಿಎಂಎಫ್‌ಆರ್‌ಐ ಮತ್ತು ಪರಿಸರ ಸಚಿವಾಲಯದವರನ್ನು ಒಟ್ಟಿಗೆ ಕೂರಿಸಿ, ಎಂದು ಮುಗಿಯುತ್ತದೆ ಎಂದು ತಿಳಿಸಿ. ದಡಕ್ಕೆ ಬಂದ ಶವದ ಬಗ್ಗೆ ವಿಜ್ಞಾನಿಗಳು ಕೇಳುವ ಪ್ರಶ್ನೆಯನ್ನು ಯಾವ ಕಚೇರಿಗೆ, ಯಾವ ಅಧಿಕಾರಿಯ ಹುದ್ದೆಗೆ ಕಳಿಸಬೇಕು ಎಂಬುದನ್ನೂ ಹೇಳಿ. ಇಲ್ಲಿಯ ಅರಣ್ಯ ಇಲಾಖೆಗೆ ಈಗ ಅದೂ ತಿಳಿದಿಲ್ಲ. ಈ ವ್ಯವಸ್ಥೆಯನ್ನು ಮೊದಲು ಕಾರವಾರದಲ್ಲೇ, ಐಎನ್‌ಎಸ್ ಕದಂಬದಲ್ಲೇ ಶುರು ಮಾಡಿದರೆ ನಮ್ಮ ಕಡೆಯ ಮೀನುಗಾರರು ಕೈಜೋಡಿಸುತ್ತಾರೆ. ಸತ್ತ ಪ್ರಾಣಿ ತೇಲುವುದನ್ನು ಎಲ್ಲರಿಗಿಂತ ಮೊದಲು ನೋಡುವವರು ಅವರೇ.

ಗೌರವಗಳೊಂದಿಗೆ,
ಉತ್ತರ ಕನ್ನಡ ಕರಾವಳಿಯ ಒಬ್ಬ ನಾಗರಿಕ